ಮೊಣಕೈಯಿಂದ ಎರಡನೆಯ ತಟ್ಟು

ಜನವರಿ ಹದಿನಾಲ್ಕು, ಬೆಳಗಿನ ಐದೂವರೆ.
ಹಲಗೆಯ ಮೇಲೆ ರಾತ್ರಿ ಬಿದ್ದದ್ದು ಮೂವತ್ತೊಂದು ಸೆಂಟಿಮೀಟರು.
ಅಳತೆಕೋಲು ಒರೆಸಿ, ಹಲಗೆ ಗುಡಿಸಿ,
ಬಿಳಿಯ ಮೇಲೆ ಮತ್ತೆ ಬರಿದಾಗಿ ಇಟ್ಟೆ,
ನಾಳೆಯ ಲೆಕ್ಕ ಸೊನ್ನೆಯಿಂದಲೇ.

ಗಾಳಿ ನೈರುತ್ಯ. ಮೈನಸ್ ಒಂಬತ್ತು.
ಇಷ್ಟನ್ನು ಫೋನಿನಲ್ಲಿ ಹೇಳಿ ಮುಗಿಸಬಹುದು.

ಆದರೆ ಹಿಮಕ್ಕೆ ಹೊಟ್ಟೆಯೂ ಇದೆ ಎನ್ನುತ್ತಿದ್ದ ಕುರ್ದಿನ್,
ನನಗಿಂತ ಮುಂಚೆ ಮೂವತ್ತು ಚಳಿಗಾಲ ಈ ಹಲಗೆ ಗುಡಿಸಿದವ.
"ಮೇಲಿನದು ಬರೀ ಮುಖ.
ಮುಖ ನೋಡಿ ಮಣೆ ಹಾಕಬೇಡ, ಸೆರೈನಾ."

ಉತ್ತರದ ಇಳಿಜಾರಿನ ಅಂಚಲ್ಲಿ, ಲಿಫ್ಟಿನ ಏಳನೇ ಕಂಬದ ಹಿಂದೆ
ಎದೆಮಟ್ಟ ಅಗೆದೆ.
ಗೋಡೆಯನ್ನು ಸಲಿಕೆಯಿಂದ ನಯವಾಗಿ ಹೆರೆದರೆ
ಚಳಿಗಾಲ ಕೆಳಗಿನಿಂದ ಮೇಲಕ್ಕೆ ಓದಿಸಿಕೊಳ್ಳುತ್ತದೆ:

ನವೆಂಬರಿನ ಮೊದಲ ಹಿಮ, ನೆಲದ ಬಿಸಿಯುಸಿರಿಗೆ ಹರಳುಗಟ್ಟಿ
ಈಗ ಕಲ್ಲುಸಕ್ಕರೆಯ ಪುಡಿ, ಮುಷ್ಟಿಯಲ್ಲಿ ನಿಲ್ಲದು.
ಅದರ ಮೇಲೆ ಡಿಸೆಂಬರಿನಲ್ಲಿ ಫ್ಯೋನ್ ಬಿಸಿಗಾಳಿ
ಮೂರು ದಿನ ಬೀಸಿ ಬಿಟ್ಟುಹೋದ ಬೆರಳಗಲದ ಗಡ್ಡೆ.
ಆಮೇಲೆ ಹೊಸವರ್ಷದ ವಾರ. ಮೋಡವಿಲ್ಲದ ರಾತ್ರಿಗಳು.
ಹೋಟೆಲಿನವರೆಲ್ಲ ತಾರಸಿಯಲ್ಲಿ ನಿಂತು ಆಹಾ ಎಂದ
ನಕ್ಷತ್ರಗಳ ಕೆಳಗೆ
ಹಿಮದ ಮೈಮೇಲೆ ಗರಿ ಮೂಡಿದ್ದವು,
ಕಿರುಬೆರಳ ಉಗುರಿನಷ್ಟು, ಹಾತೆಯ ರೆಕ್ಕೆಯಂಥವು.
ನಾನೂ ಆಹಾ ಎಂದಿದ್ದೆ. ಫೋಟೋ ತೆಗೆದು ತಂಗಿಗೆ ಕಳಿಸಿದ್ದೆ.
ಅವೇ ಗರಿಗಳು ಈಗ ನಲವತ್ತು ಸೆಂಟಿಮೀಟರಿನಡಿ
ಬಾಗದೆ, ಮಲಗದೆ, ನೆಟ್ಟಗೆ ನಿಂತಿದ್ದವು.
ಬೂದುಬಣ್ಣದ ಒಂದು ದಾರದೆಳೆ. ಅಷ್ಟೆ.

ಕಂಬದ ಹಾಗೆ ಕಡಿದ ಹಿಮದ ಮೇಲೆ ಸಲಿಕೆ ಬೋರಲಿಟ್ಟು ತಟ್ಟಬೇಕು.
ಮಣಿಕಟ್ಟಿನಿಂದ ಹತ್ತು: ಮಗುವಿನ ಬೆನ್ನು ತಟ್ಟಿ ಮಲಗಿಸುವಷ್ಟು.
ಮೊಣಕೈಯಿಂದ ಹತ್ತು: ಪಕ್ಕದಮನೆ ಬಾಗಿಲು ತಟ್ಟುವಷ್ಟು.
ಭುಜದಿಂದ ಹತ್ತು: ಬಾಗಿಲು ತೆರೆಯದಿದ್ದಾಗ.
ಮೂವತ್ತೂ ತಡೆದರೆ ಊರಿಗೆ ಹಬ್ಬ.

ಮೊಣಕೈಯಿಂದ ಎರಡನೆಯ ತಟ್ಟಿಗೆ
ಮೇಜಿನಿಂದ ಕಾಗದದ ಕಂತೆ ಜಾರಿದಂತೆ
ಇಡೀ ತುಂಡು ನನ್ನ ಮಡಿಲಿಗೆ ಬಂತು.
ಸದ್ದೂ ಇಲ್ಲ.

ಏಳಕ್ಕೆ ಹಗ್ಗ ಎಳೆದೆವು. ಹಳದಿ-ಕಪ್ಪು ಬಾವುಟ.
ಎಂಟೂವರೆಗೆ ಮೋಡ ಹರಿದು ಸೂರ್ಯ ಬಂದ,
ನನ್ನನ್ನು ಸುಳ್ಳಿ ಮಾಡಲೆಂದೇ.
"ಆಕಾಶ ನೋಡು," ಎಂದ ಲಿಫ್ಟಿನ ಯಜಮಾನ ಆಂದ್ರಿ.
ಆಕಾಶ ತೊಳೆದು ಕವುಚಿದ ತಟ್ಟೆ.
ಜ್ಯೂರಿಕ್‌ನಿಂದ ಮಗಳೊಡನೆ ಬಂದವನೊಬ್ಬ ಕೇಳಿದ:
"ಹಿಮ ಹೇಗಿದೆ?"
ಒಂದು ಪದದ ಉತ್ತರಕ್ಕೆ ದುಡ್ಡು ಕೊಟ್ಟು ಬಂದವನು.
ನನ್ನ ಬಳಿ ಇದ್ದದ್ದು, ಎಲ್ಲಿ? ಎಷ್ಟು ಹೊತ್ತಿಗೆ?
ದಕ್ಷಿಣಕ್ಕೆ ಹನ್ನೊಂದರವರೆಗೆ ಬೆಣ್ಣೆ, ಮಧ್ಯಾಹ್ನ ಅಂಬಲಿ.
ಕಾಡಿನೊಳಗೆ ಗಾಳಿ ಮುಟ್ಟದ ಜರಡಿಹಿಟ್ಟು.
ಏಣಿನ ಮೇಲೆ ಗಾಳಿಯೇ ಬಡಿದು ಬಿಗಿಸಿದ ಹಲಗೆ, ಟೊಳ್ಳು.
ಉತ್ತರ ಮಾತ್ರ ಇವತ್ತು ಬೇಡ, ಎಂದೆ.
ಅವನ ಮಗಳು ಹಗ್ಗದಾಚೆ ನೋಡಿದಳು.
ಇಡೀ ಬೆಟ್ಟದಲ್ಲಿ ಗೀರು ಬೀಳದ ಬಿಳಿ ಅದೊಂದೇ.
"ಅಲ್ಲೇ ಚೆನ್ನಾಗಿದೆ," ಎಂದಳು.
ಹೌದು, ಎಂದೆ.

ಅದು ಬೀಳಲಿಲ್ಲ.
ಆ ದಿನ ಬೀಳಲಿಲ್ಲ, ಆ ವಾರ ಬೀಳಲಿಲ್ಲ.
ಒಂಬತ್ತು ದಿನ ಹಗ್ಗ,
ಒಂಬತ್ತು ದಿನ ಆಂದ್ರಿ ನನ್ನನ್ನು ಕಾಫಿಗೆ ಕರೆಯಲಿಲ್ಲ.
ಆಮೇಲೆ ಗರಿಗಳು ಒಂದಕ್ಕೊಂದು ಹೆಗಲು ಕೊಟ್ಟು ಬೆಸೆದುಕೊಂಡವು.
ಇಪ್ಪತ್ತೇಳು ತಟ್ಟಿಗೂ ಜಪ್ಪೆನ್ನದ ಬೆಳಗ್ಗೆ
ನಾನೇ ಹಗ್ಗ ಬಿಚ್ಚಿದೆ.
ಮೇ ತಿಂಗಳಲ್ಲಿ ಆ ಇಳಿಜಾರು ನೀರಾಗಿ
ಆಂದ್ರಿಯ ದನದ ತೊಟ್ಟಿಗೆ ಬಂತು. ಹಸುಗಳು ಕುಡಿದವು.

ಬಿದ್ದ ಹಿಮಕ್ಕೆ ಇಗರ್ಜಿಯ ಹಿಂದೆ ಶಿಲುಬೆಗಳಿವೆ,
ಹೆಸರು, ಇಸವಿ ಸಮೇತ.
ಬೀಳದ್ದಕ್ಕೆ ನನ್ನ ನೋಟುಬುಕ್ಕಿನಲ್ಲಿ ಒಂದು ಸಾಲು:
"ಮೊಣಕೈ, ಎರಡು. ನಯವಾಗಿ."
ಕುರ್ದಿನ್‌ನ ಹಾಗೆ ಪೆನ್ಸಿಲ್ಲಿನಲ್ಲಿ ಬರೆದದ್ದು.
ಮೇಲೆ ಶಾಯಿ ಹೆಪ್ಪುಗಟ್ಟುತ್ತದೆ.